ಸೀಸೆಯ ಮೇಲಣ ಮೂರು ಮಾತುಗಳು

ಪ್ರಯೋಗಶಾಲೆಗಳಿಗೆ ಬರುವ ಪ್ರೋಟೀನಿನ ಪುಟ್ಟ ಸೀಸೆಗಳ ಮೇಲೆ ಮೂರು ಮಾತುಗಳು ಮತ್ತೆ ಮತ್ತೆ ಕಾಣುತ್ತವೆ. ಅವನ್ನು ಕನ್ನಡಕ್ಕೆ ತಂದರೆ ‘ಪುನಸ್ಸಂಯೋಜಿತ’, ‘ಮಾನವ’, ‘ಸಂಶೋಧನೆಗೆ ಮಾತ್ರ’ ಎಂದಾಗುತ್ತದೆ. ಅಂತೂರ ಬೆಂತೂರದಂಥ ಗ್ರಾಮದಲ್ಲಿ ಕನ್ನಡದಲ್ಲಿಯೇ ವಿಜ್ಞಾನವನ್ನು ಕಲಿತು, ಮುಂದೆ ಗದಗಿಗೋ ಧಾರವಾಡಕ್ಕೋ ಬರುವ ವಿದ್ಯಾರ್ಥಿ ಈ ಮಾತುಗಳಿಂದ ಏನನ್ನು ತಿಳಿಯುತ್ತಾನೆ, ಏನನ್ನು ತಪ್ಪಾಗಿ ತಿಳಿಯುತ್ತಾನೆ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ‘ಪುನಸ್ಸಂಯೋಜಿತ’. ಇದನ್ನು ‘ಪುನರ್ಸಂಯೋಜಿತ’ವೆಂದು ಬರೆಯುವುದು ರೂಢಿಯಾಗುತ್ತಿದೆ, ಸಂಧಿಯ ದೃಷ್ಟಿಯಿಂದ ಅದು ಸಾಧುವಲ್ಲ. ಆದರೆ ದೋಷವು ಸಂಧಿಯಲ್ಲಿ ಮಾತ್ರ ಇಲ್ಲ. ಈ ವಿಶೇಷಣವು ನ್ಯಾಯವಾಗಿ ಸಲ್ಲಬೇಕಾದುದು ಡಿ.ಎನ್.ಎ.ಗೆ, ಪ್ರೋಟೀನಿಗಲ್ಲ. ಬೇರೆ ಬೇರೆ ಮೂಲದ ಡಿ.ಎನ್.ಎ. ತುಂಡುಗಳನ್ನು ಬೆಸೆದು ಬ್ಯಾಕ್ಟೀರಿಯದೊಳಗೆ ಬೆಳೆಸುವ ಕ್ರಮವನ್ನು 1973ರಲ್ಲಿ ಕೋಹೆನ್ ಮತ್ತು ಬಾಯರ್ ತೋರಿಸಿದರು. ಆ ಬೆಸುಗೆಯ ಆದೇಶದಂತೆ ಜೀವಕೋಶವು ಕಟ್ಟಿದ ವಸ್ತುವೇ ಈ ಪ್ರೋಟೀನು. ‘ಪುನಃ’ ಎಂಬುದನ್ನು ಕೇಳಿದವನು, ಮುರಿದ ಪ್ರೋಟೀನನ್ನು ಮತ್ತೆ ಕೂಡಿಸಿದರೆಂದು ಭಾವಿಸುವ ಸಂಭವವುಂಟು. ‘ಕಸಿ’ ಎಂಬ ರೈತರ ಮಾತು ಆಕರ್ಷಕವಾದರೂ ಪೂರ್ಣವಾಗಿ ಹೊಂದದು: ಕಸಿಯಲ್ಲಿ ಎರಡು ಗಿಡಗಳ ಅಂಗಗಳು ಕೂಡುತ್ತವೆಯೇ ಹೊರತು ಅವುಗಳ ಜೀನುಗಳು ಬೆಸೆದುಕೊಳ್ಳುವುದಿಲ್ಲ. ಗದಗ ಸೀಮೆಯ ಎರೆಭೂಮಿಗೆ ಚಿರಪರಿಚಿತವಾದ ಹತ್ತಿಯೇ ಇದಕ್ಕಿಂತ ಉತ್ತಮ ನಿದರ್ಶನ. 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯಲ್ಲಿ ಬ್ಯಾಕ್ಟೀರಿಯದ ಜೀನು ಗಿಡವನ್ನು ಸೇರಿತು. ಇಲ್ಲಿ ಮನುಷ್ಯನ ಜೀನು ಬ್ಯಾಕ್ಟೀರಿಯವನ್ನು ಸೇರುತ್ತದೆ.

ಎರಡನೆಯ ಮಾತು ‘ಮಾನವ’. ಇದರಿಂದ ವಸ್ತುವನ್ನು ಮನುಷ್ಯನ ದೇಹದಿಂದ ತೆಗೆದರೆಂಬ ಅರ್ಥ ಹೊರಡಬಾರದು. ಇಲ್ಲಿ ಮಾನವನದು ಅಮೈನೋ ಆಮ್ಲಗಳ ಕ್ರಮ ಮಾತ್ರ. ಇನ್ಸುಲಿನ್ನಿನಲ್ಲಿ ಅಂಥ 51 ಘಟಕಗಳಿವೆ. ಹಂದಿಯ ಇನ್ಸುಲಿನ್ನಿಗೂ ನಮ್ಮದಕ್ಕೂ ಒಂದೇ ಘಟಕದ ಅಂತರ, ದನದ್ದಕ್ಕೂ ನಮ್ಮದಕ್ಕೂ ಮೂರರ ಅಂತರ. 1978ರಲ್ಲಿ ಅಮೆರಿಕದಲ್ಲಿ ಈ ಪ್ರೋಟೀನಿನ ಎರಡು ಸರಪಳಿಗಳನ್ನು ಬೇರೆ ಬೇರೆಯಾಗಿ ಇ. ಕೋಲಿ ಬ್ಯಾಕ್ಟೀರಿಯದಲ್ಲಿ ತಯಾರಿಸಿ ಕೂಡಿಸಿದರು. 1982ರಲ್ಲಿ ಅದು ಔಷಧವಾಗಿ ಅನುಮತಿ ಪಡೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಹೊರತಂದ ಇನ್ಸುಲಿನ್ನು ಪಿಕಿಯ ಎಂಬ ಯೀಸ್ಟಿನಲ್ಲಿ ಹುಟ್ಟಿದ್ದು. ಕ್ರಮವು ಒಂದೇ ಆದರೂ ತಯಾರಿಸುವ ಜೀವಿ ಬದಲಾದಾಗ ಫಲವೂ ಬದಲಾಗಬಹುದು. ಇ. ಕೋಲಿಯು ಮಾನವ ಕೋಶದಂತೆ ಪ್ರೋಟೀನಿಗೆ ಸಕ್ಕರೆಯ ಸರಪಳಿಗಳನ್ನು ಜೋಡಿಸಲಾರದು. ಇಂಟರ್‌ಲ್ಯೂಕಿನ್-2 ಆ ಸಕ್ಕರೆಯಿಲ್ಲದೆಯೂ ಕೆಲಸ ಮಾಡುತ್ತದೆ. ಎರಿಥ್ರೋಪೊಯೆಟಿನ್ನಾದರೋ ಅದಿಲ್ಲದೆ ದೇಹದಲ್ಲಿ ನಿಲ್ಲದು. ಆದುದರಿಂದ ‘ಮಾನವ’ ಎಂದಷ್ಟೇ ಹೇಳಿ, ಯಾವ ಜೀವಿಯಲ್ಲಿ ತಯಾರಾಯಿತೆಂಬುದನ್ನು ಬಿಡುವ ವರದಿಯನ್ನು ಅರ್ಧ ಸತ್ಯವೆನ್ನದೆ ವಿಧಿಯಿಲ್ಲ.

ಮೂರನೆಯ ಮಾತು ಹೆಚ್ಚು ಗಂಭೀರವಾದುದು. ‘ಸಂಶೋಧನೆಗೆ ಮಾತ್ರ’ ಎಂಬುದು ಈ ವಸ್ತುವನ್ನು ರೋಗಿಗೆ ಕೊಡಕೂಡದೆಂಬ ನಿಷೇಧ. ಪ್ರಯೋಗದಲ್ಲಿ ಅದು ಸತ್ಯವನ್ನೇ ನುಡಿಯುವುದೆಂಬ ಭರವಸೆಯಲ್ಲ. ಸೀಸೆಯೊಡನೆ ಬರುವ ಹಾಳೆಯಲ್ಲಿ ‘ಶೇಕಡಾ 95 ಶುದ್ಧ’ ಎಂದಿರಬಹುದು. ಈ ಎಣಿಕೆ ಬಹುಮಟ್ಟಿಗೆ ಜೆಲ್ಲಿನ ಮೇಲೆ ಕಾಣುವ ಬಣ್ಣದ ಪಟ್ಟಿಗಳಿಂದ ಬಂದುದು. ಆ ಬಣ್ಣ ಹಿಡಿಯುವುದು ಪ್ರೋಟೀನನ್ನು. ಇ. ಕೋಲಿಯ ಹೊರಪೊರೆಯಿಂದ ಉಳಿದು ಬರುವ ಎಂಡೋಟಾಕ್ಸಿನ್ ಪ್ರೋಟೀನೇ ಅಲ್ಲ. ಅಲ್ಲಿ ಅದು ಕಾಣದು. ಅದರ ಲೇಶಮಾತ್ರವೂ ರಕ್ಷಕ ಕೋಶಗಳನ್ನು ಕೆರಳಿಸಬಲ್ಲುದು. ಆಗ ವಿದ್ಯಾರ್ಥಿಯು ಎಂಡೋಟಾಕ್ಸಿನ್ನಿನ ಕಾರ್ಯವನ್ನು ಪ್ರೋಟೀನಿನ ಗುಣವೆಂದು ಬರೆಯುತ್ತಾನೆ. ವರ್ಷಗಳ ಶ್ರಮ ಹುಸಿಯಾಗುವುದಲ್ಲದೆ, ಅದನ್ನು ನಂಬಿ ನಡೆದವರ ಶ್ರಮವೂ ಹುಸಿಯಾಗುತ್ತದೆ. ಪರೀಕ್ಷೆ ದುಬಾರಿಯೇನಲ್ಲ. ಮಾದರಿಯ ಒಂದು ಭಾಗವನ್ನು ಕುದಿಸಿ ನೋಡಬೇಕು. ಸಾಮಾನ್ಯವಾಗಿ ಕಾವಿಗೆ ಪ್ರೋಟೀನು ಕೆಡುತ್ತದೆ, ಎಂಡೋಟಾಕ್ಸಿನ್ ಬಹುಪಾಲು ತಾಳಿಕೊಳ್ಳುತ್ತದೆ. ಕುದಿಸಿದ ಮೇಲೂ ಕೋಶಗಳು ಹಿಂದಿನಂತೆಯೇ ಕೆರಳಿದರೆ ಸಂಶಯಪಡುವುದು ಕರ್ತವ್ಯ.

ಸೀಸೆ ಚಿಕ್ಕದು, ಅದರ ಮೇಲೆ ಇಷ್ಟೆಲ್ಲವನ್ನು ಬರೆಯಲಾಗದೆಂದು ಆಕ್ಷೇಪಿಸಬಹುದು. ಅದು ಸರಿ. ಆದರೆ ಪಠ್ಯಪುಸ್ತಕವೂ ಪ್ರಬಂಧವೂ ಚಿಕ್ಕವಲ್ಲ. ಚೀಟಿಯ ಮಾತನ್ನು ಪದಕ್ಕೆ ಪದವಿಟ್ಟು ಕನ್ನಡಿಸುವುದರ ಬದಲು, ‘ಮಾನವ ಜೀನಿನ ಕ್ರಮದಂತೆ ಇ. ಕೋಲಿಯಲ್ಲಿ ತಯಾರಿಸಿದ ಪ್ರೋಟೀನು’ ಎಂದು ಅಲ್ಲಿ ಬರೆಯಬಹುದು. ಶುದ್ಧಿ, ಕ್ರಿಯಾಶಕ್ತಿ, ಎಂಡೋಟಾಕ್ಸಿನ್ ಈ ಮೂರನ್ನೂ ಬೇರೆ ಬೇರೆಯಾಗಿ ನಮೂದಿಸಬಹುದು. ಇದರಿಂದ ವಾಕ್ಯವು ಸ್ವಲ್ಪ ದೀರ್ಘವಾದೀತು. ಆದರೆ ಅಂತೂರ ಬೆಂತೂರದಿಂದ ಬಂದ ವಿದ್ಯಾರ್ಥಿಗೆ ತನ್ನ ಕೈಯಲ್ಲಿರುವ ವಸ್ತು ಏನೆಂಬುದು ತಿಳಿಯುತ್ತದೆ. ಪರಿಭಾಷೆಯಿಂದ ನಾವು ಮೊದಲು ಬಯಸಬೇಕಾದುದು ಅದನ್ನೇ.