ಉಡುಪು ತೊಟ್ಟ ಕ್ಯಾಮೆರಾ

2012ರಲ್ಲಿ ಜರ್ಮನಿಯ ಲೈಕಾ ಸಂಸ್ಥೆಯು, ಉಡುಪು ಹಾಗೂ ತೊಗಲಿನ ಕೆಲಸಕ್ಕೆ ಹೆಸರಾದ ಪ್ಯಾರಿಸ್ಸಿನ ಹರ್ಮೆಸ್‌ನೊಡನೆ ಸೇರಿ ಎಂ9-ಪಿ ಕ್ಯಾಮೆರಾದ ವಿಶೇಷ ಆವೃತ್ತಿಯನ್ನು ಹೊರತಂದಿತು. ಹೊರಮೈಯನ್ನು ಮೋಟಾರು ವಾಹನಗಳ ವಿನ್ಯಾಸಕಾರ ವಾಲ್ಟರ್ ಡಿಸಿಲ್ವ ತಿದ್ದಿದರು. ನಸುಗಂದು ಬಣ್ಣದ ಕರುವಿನ ತೊಗಲು ಹರ್ಮೆಸ್‌ನದು. ಒಂದು ಬಗೆಯಲ್ಲಿ 300, ಇನ್ನೊಂದರಲ್ಲಿ 100 ಮಾತ್ರ. ಒಳಗಿನ ಯಂತ್ರವಾದರೋ ಸಾಮಾನ್ಯ ಎಂ9-ಪಿಯದೇ.

ಕ್ಯಾಮೆರಾದ ಬೆಲೆ ಅದು ಉಳಿಸುವ ಚಿತ್ರದಲ್ಲಿದೆ ಎಂಬುದಕ್ಕೆ ನಮ್ಮ ಹಂಪೆಯಲ್ಲೇ ನಿದರ್ಶನವುಂಟು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವುಗಳ ಮೇಲೆ ಇಲ್ಲಿನ ಗುಡಿಗಳನ್ನು ಹಿಡಿದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಅಂದಿದ್ದ ಇಟ್ಟಿಗೆಯ ಶಿಖರ ಇಂದಿಲ್ಲ. ಅದನ್ನು ನಾವು ಕಾಣುವುದು ಆ ಚಿತ್ರದಲ್ಲಿ. 1983ರಲ್ಲಿ ಜಾನ್ ಗಾಲಿಂಗ್ಸ್ ಅದೇ ನೆಲೆಗಳಲ್ಲಿ ನಿಂತು ತೆಗೆದ ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಕಳೆದುಹೋದುದರ ಲೆಕ್ಕ ದೊರೆಯುತ್ತದೆ. ಗ್ರೀನ್‌ಲಾರ ಕ್ಯಾಮೆರಾದ ಹೊದಿಕೆ ಯಾವುದೆಂದು ಯಾರೂ ಕೇಳರು.

ಹಾಗೆಂದು ಹರ್ಮೆಸ್ ಆವೃತ್ತಿಯನ್ನು ಪೂರ್ತಿ ತಳ್ಳಿಹಾಕುವುದು ಅನ್ಯಾಯ. ಆ 100 ಕ್ಯಾಮೆರಾಗಳು ಹರ್ಮೆಸ್‌ನ ಹಿಂದಿನ ಮುಖ್ಯಸ್ಥ, 2010ರಲ್ಲಿ ತೀರಿಕೊಂಡ ಜಾನ್-ಲೂಯಿ ದ್ಯುಮಾರ ಹೆಸರಿನವು. ಅವರು ಸ್ವತಃ ಲೈಕಾ ಹಿಡಿದು ಚಿತ್ರ ತೆಗೆದವರು. ಆ ಚಿತ್ರಗಳ ಪುಸ್ತಕವನ್ನೂ ಜೊತೆಗಿಟ್ಟಿದ್ದಾರೆ. ತೊಗಲಿಗಿಂತ ಮೊದಲು ನಾನು ಬಿಚ್ಚಿ ನೋಡುವುದು ಆ ಪುಸ್ತಕವನ್ನೇ.