ಮಾತಿಗೆ ಮೊದಲು 'ನಾನು' ಇರಲಿಲ್ಲವೇ? ಹೆಲೆನ್ ಕೆಲ್ಲರ್ ಅವರ ಎರಡು ಕೃತಿಗಳು

ಹೆಲೆನ್ ಕೆಲ್ಲರ್ ಅವರ ಹೆಸರು ಕೇಳದ ವಾಚಕರು ನಮ್ಮಲ್ಲಿ ವಿರಳ. ಆದರೆ ಅವರ ಎರಡು ಪುಸ್ತಕಗಳನ್ನು ಜೊತೆಗಿಟ್ಟು ಓದಿದವರು ಕಡಿಮೆ. ಹಾಗೆ ಓದಿದಾಗ ನಮಗೊಂದು ವಿರೋಧ ಎದ್ದು ಕಂಡಿತು.

1880ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದ ಹೆಲೆನ್, 19ನೆಯ ತಿಂಗಳಲ್ಲಿ ಕಾಯಿಲೆಯಿಂದ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡರು. ಆಗತಾನೆ ಮೊಳೆಯುತ್ತಿದ್ದ ಮಾತೂ ಅಡಗಿತು. 1887ರಲ್ಲಿ ಆನ್ ಸಲಿವನ್ ಬಂದು, ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಮೂಡಿಸಿ ಭಾಷೆ ಕಲಿಸಿದರು.

1903ರ 'ದಿ ಸ್ಟೋರಿ ಆಫ್ ಮೈ ಲೈಫ್'ನಲ್ಲಿ, ಗುರು ಬರುವುದಕ್ಕೆ ಮುಂಚಿನ ಹುಡುಗಿ ಜೀವಂತವಾಗಿ ಓಡಾಡುತ್ತಾಳೆ. ಬ್ರೆಡ್ಡು ಬೇಕಾದರೆ ಕೊಯ್ದು ಬೆಣ್ಣೆ ಸವರುವಂತೆ ಅಭಿನಯಿಸುತ್ತಾಳೆ. ತಾಯಿಯನ್ನು ಉಗ್ರಾಣದಲ್ಲಿ ಕೂಡಿಹಾಕಿ ಹೊರಗೆ ಕುಳಿತು ನಗುತ್ತಾಳೆ. ಇತರರ ತುಟಿಗಳು ಆಡುವುದನ್ನು ಮುಟ್ಟಿ ತಿಳಿದು, ತನಗದು ಕೈಗೂಡದೆ ಸಿಟ್ಟಾಗುತ್ತಾಳೆ.

1908ರ 'ದಿ ವರ್ಲ್ಡ್ ಐ ಲಿವ್ ಇನ್' ಹೇಳುವುದೇ ಬೇರೆ. ಗುರು ಬರುವ ಮುನ್ನ ತಾನು ಇದ್ದೇನೆಂಬ ಅರಿವೇ ತನಗಿರಲಿಲ್ಲ, 'ನಾನು' ಎಂಬುದರ ಅರ್ಥ ತಿಳಿದ ಮೇಲೆಯೇ ಆಲೋಚನೆ ಮೊದಲಾಯಿತು ಎನ್ನುತ್ತಾರೆ ಲೇಖಕಿ.

ಚಿಂತನೆಯಲ್ಲಿ ಎರಡನೆಯ ಪುಸ್ತಕವೇ ಆಳವಾದುದು, ಇದನ್ನು ಒಪ್ಪುತ್ತೇವೆ. ಮಾತು ಬಂದ ಮೇಲೆ ನೆನಪಿಗೆ, ನಾಳೆಗೆ, ಪಶ್ಚಾತ್ತಾಪಕ್ಕೆ ಹೇಗೆ ಎಡೆಯಾಯಿತೆಂಬುದನ್ನು ಒಳಗಿನಿಂದ ಕಂಡು ಹೇಳಿದವರು ಅಪರೂಪ. ಆದರೂ ಅದರ ತೀರ್ಪನ್ನು ಪೂರ್ತಿ ಒಪ್ಪಲಾರೆವು. ಬೀಗ ಹಾಕಿ ನಕ್ಕವಳು ಯಾರು? ತನಗಿಲ್ಲದ್ದು ಇತರರಿಗಿದೆಯೆಂದು ಕೆರಳಿದವಳು ಯಾರು? ತನ್ನನ್ನು ಇತರರಿಂದ ಬೇರೆಯೆಂದು ಅರಿಯದವಳಿಗೆ ಆ ಸಿಟ್ಟು ಬರುವುದಾದರೂ ಹೇಗೆ? ಅವಳಿಗೆ ಇಲ್ಲದಿದ್ದದ್ದು 'ನಾನು' ಅಲ್ಲ, ಆ 'ನಾನು'ವಿನ ಕಥೆ ಹೇಳಿಕೊಳ್ಳುವ ಸಾಧನ ಎಂದೇ ನಮಗೆ ತೋರುತ್ತದೆ. ಮಾತು ಬಲ್ಲ ಲೇಖಕಿ ಮಾತಿಲ್ಲದ ಬಾಲಕಿಗೆ ತುಸು ಅನ್ಯಾಯ ಮಾಡಿದ್ದಾರೆ.

ಇದು ಬರಿಯ ಪುಸ್ತಕದ ಜಗಳವಲ್ಲ. ಕಣ್ಣು, ಕಿವಿ ನೆಟ್ಟಗಿದ್ದೂ ಮಾತು ಕೂಡಿಬಾರದ ಮಕ್ಕಳಿದ್ದಾರೆ. ಅವರ ತೊಂದರೆ ಹೆಲೆನ್ ಅವರದಲ್ಲ. ಕಾರಣವೂ ಬೇರೆ, ಚಿಕಿತ್ಸೆಯೂ ಬೇರೆ. ಆದರೆ "ಅದಕ್ಕೇನು ತಿಳಿಯುತ್ತೆ, ಪಾಪ" ಎಂದು ಅಂಥ ಮಗುವಿನ ಎದುರಿಗೇ ಆಡುವ ಬಂಧುಗಳು ಎಲ್ಲ ಮನೆಗಳಲ್ಲೂ ಉಂಟು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತರಬೇತಿ ದೊರೆಯುತ್ತದೆ. ತರಬೇತಿ ಫಲಿಸುವವರೆಗೆ ಮಗುವನ್ನು ಮನುಷ್ಯನೆಂದು ಎಣಿಸಬೇಕಾದವರು ಮನೆಯವರು. ಅಂಥವರು ಎರಡು ಪುಸ್ತಕಗಳನ್ನೂ ಓದಲಿ. ಮೊದಲನೆಯದನ್ನು ಎರಡನೆಯ ಸಲವೂ ಓದಲಿ.