ಗುಜರಿ ಟರ್ಬೊ ಮತ್ತು ಹಳೆಯ ಇಂಡಿಕಾ

ಕಡಿಮೆ ದುಡ್ಡಿನಲ್ಲಿ ಕಾರಿಗೆ ಟರ್ಬೊ ಕೂರಿಸುವ ಕೆಲಸವನ್ನು ಅಳೆಯುವವರೆಲ್ಲ ಸಾಮಾನ್ಯವಾಗಿ ಟರ್ಬೊವನ್ನೇ ನೋಡುತ್ತಾರೆ. ಎಷ್ಟಕ್ಕೆ ಸಿಕ್ಕಿತು, ಯಾವ ಗಾಡಿಯದು, ಎಷ್ಟು ಒತ್ತಡ ಕೊಡುತ್ತದೆ ಎಂಬುದೇ ಮಾತು. ಕೆಲಸ ನಿಲ್ಲುವುದು ಅಥವಾ ಕೆಡುವುದು ಆ ಎರಕದ ತುಂಡಿನ ಸುತ್ತ ಇರುವ ಅಗ್ಗದ ವಸ್ತುಗಳಲ್ಲಿ: ಆಯಿಲ್ ಹೋಗುವ ಪೈಪು, ಆಯಿಲ್ ಇಳಿಯುವ ಪೈಪು, ಡೀಸೆಲ್ ಪಂಪಿನ ಒಂದು ಸ್ಕ್ರೂ. ಈ ಕಸುಬನ್ನು ಮೆಚ್ಚುವುದಾದರೂ ತೆಗಳುವುದಾದರೂ ಅವುಗಳಿಂದಲೇ ಶುರು ಮಾಡಬೇಕು.

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹಳೆಯ ಟಾಟಾ ಇಂಡಿಕಾ ಇನ್ನೂ ಓಡುತ್ತದೆ. 1998ರ ಕೊನೆಯಲ್ಲಿ ಬಂದ ಈ ಕಾರಿನ ಡೀಸೆಲ್ ಎಂಜಿನ್ 1405 ಸಿಸಿಯದು. ಟರ್ಬೊ ಇಲ್ಲದ ಮಾದರಿಯಲ್ಲಿ ಅದರ ಬಲ ಸುಮಾರು 53 ಅಶ್ವಶಕ್ತಿ. ಐದು ಜನ ಕೂತು, ಡಿಕ್ಕಿಯಲ್ಲಿ ಒಂದೆರಡು ಮೂಟೆ ಹೇರಿ, ಎ.ಸಿ. ಹಾಕಿದರೆ ಏರು ಬಂದ ಕೂಡಲೇ ಗೇರು ಇಳಿಸಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದಿದ್ದರಂತೂ ಓವರ್‌ಟೇಕ್ ಮಾಡಲು ಧೈರ್ಯ ಸಾಲದು. 'ಟರ್ಬೊ ಕೂರಿಸ್ಬುಟ್ರೆ ಗಾಡಿ ಹೆಂಗೆಳೀತದೆ ನೋಡಣ್ಣ' ಎಂಬ ಮಾತು ಹುಟ್ಟುವುದು ಇಲ್ಲಿಂದ. ಆ ಆಸೆಯನ್ನು ಶೋಕಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೊಸ ಕಾರು ಕೊಳ್ಳಲಾಗದವರು ಇರುವುದಕ್ಕೇ ಬಲ ತುಂಬಲು ನೋಡುತ್ತಾರೆ. ಆಲೆಮನೆಯ ಎಂಜಿನ್ನನ್ನೂ ಪಂಪ್‌ಸೆಟ್ಟನ್ನೂ ಬಿಚ್ಚಿ ಜೋಡಿಸಿ ಓಡಿಸಿಕೊಂಡು ಬಂದ ಜಿಲ್ಲೆಯಲ್ಲಿ ಈ ಕೈಗುಣ ಇರುವುದು ಸಹಜ.

ಯೋಚನೆಯೂ ಗಟ್ಟಿಯದೇ. ಸುಟ್ಟ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸೈಲೆನ್ಸರಿನಿಂದ ಬಿಸಿ ಹೊಗೆಯಾಗಿ ಹೊರಗೆ ಹೋಗುತ್ತದೆ. ಅದರ ದಾರಿಯಲ್ಲಿ ಒಂದು ಚಕ್ರವಿಟ್ಟು, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1902ರಲ್ಲಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರು ಟರ್ಬೈನು ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸತೊಡಗಿತ್ತು. ಸುಮ್ಮನೆ ಹರಿದುಹೋಗುವ ಬಲವನ್ನು ಚಕ್ರಕ್ಕೆ ಹಿಡಿದು ಕೆಲಸಕ್ಕೆ ಹಚ್ಚುವ ಬುದ್ಧಿ ಎರಡರಲ್ಲೂ ಒಂದೇ. ಕೆಡುವ ಬಗೆ ಮಾತ್ರ ಬೇರೆ. ಕಾರಿನ ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ, ಅದೂ ಕೆಂಪಗೆ ಕಾಯುವಷ್ಟು ಬಿಸಿ ಹೊಗೆಯ ಪಕ್ಕದಲ್ಲಿ. ಶಾಫ್ಟನ್ನು ಎತ್ತಿ ಹಿಡಿದಿರುವುದು ತೆಳುವಾದ ಆಯಿಲ್ ಪದರ ಒಂದೇ.

ಇಂಡಿಕಾದ ಮಟ್ಟಿಗೆ ಈ ಕೆಲಸಕ್ಕೆ ಒಂದು ದೊಡ್ಡ ಅನುಕೂಲವಿದೆ. ಟಾಟಾ ಕಂಪನಿಯೇ ಮುಂದೆ ಇದೇ 1405 ಸಿಸಿ ಎಂಜಿನ್ನಿಗೆ ಟರ್ಬೊ ಹಾಕಿತು, ಆಮೇಲೆ ಒತ್ತಿದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಸೇರಿಸಿ ಬಲವನ್ನು 70 ಅಶ್ವಶಕ್ತಿಯ ಆಸುಪಾಸಿಗೆ ತಂದಿತು. ಅಂದರೆ ಮದ್ದೂರಿನ ಮೆಕ್ಯಾನಿಕ್ ತನ್ನ ಊಹೆಯಿಂದ ಹೊಸದೊಂದನ್ನು ಕಟ್ಟಬೇಕಿಲ್ಲ. ಕಾರ್ಖಾನೆಯವರು ಕಟ್ಟಿದ್ದನ್ನು ನೋಡಿ ಮಾಡಬಹುದು. ಅಪಘಾತದಲ್ಲಿ ಹಿಂಬದಿ ನಜ್ಜುಗುಜ್ಜಾದ ಟರ್ಬೊ ಇಂಡಿಕಾ ಗುಜರಿಗೆ ಬಂದರೆ ಟರ್ಬೊ ಒಂದನ್ನೇ ಕಿತ್ತು ತರಬಾರದು. ಮ್ಯಾನಿಫೋಲ್ಡು, ಎರಡೂ ಆಯಿಲ್ ಪೈಪು, ಇಂಟರ್‌ಕೂಲರ್, ಅದರ ಹೋಸು, ಡೀಸೆಲ್ ಪಂಪು ಎಲ್ಲ ಒಂದೇ ಗಾಡಿಯಿಂದ ಬರಬೇಕು. ಪೂರ್ತಿ ಎಂಜಿನ್ನೇ ಸಿಕ್ಕರೆ ಇನ್ನೂ ಮೇಲು, ಯಾಕೆಂದರೆ ಕಂಪನಿ ಟರ್ಬೊಗಾಗಿ ಒಳಗೆ ಏನೇನು ಬದಲಿಸಿದೆ ಎಂಬ ಪ್ರಶ್ನೆಯೇ ಆಗ ಏಳುವುದಿಲ್ಲ. ಹೀಗೆ ಮಾಡಿದ ಕೆಲಸಕ್ಕೆ ನನ್ನ ಮೆಚ್ಚುಗೆ ಇದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕೈಗೆ ಸಿಕ್ಕ ಯಾವುದೋ ಟರ್ಬೊ ತಂದು, ಕಬ್ಬಿಣದ ಪಟ್ಟಿ ಕೊಯ್ದು ಫ್ಲ್ಯಾಂಜ್ ಮಾಡಿ ವೆಲ್ಡ್ ಹೊಡೆದು ಕೂರಿಸುವುದನ್ನು ಅದೇ ಸಾಲಿನಲ್ಲಿ ಇಡಲಾರೆ.

ಗುಜರಿಯ ಟರ್ಬೊ ನೋಡುವಾಗ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಅದು ಅಲ್ಲಿಗೆ ಯಾಕೆ ಬಂತು ಎಂಬುದನ್ನು. ಗುದ್ದಿದ ಗಾಡಿಯಿಂದ ಬಂದಿದ್ದರೆ ಆರೋಗ್ಯವಾಗಿರಬಹುದು. ಆಯಿಲ್ ಬದಲಿಸದೆ ಓಡಿಸಿ ಎಂಜಿನ್ ಸೀಜ್ ಆದ ಗಾಡಿಯದಾದರೆ ಅದೇ ಕೊಳಕು ಆಯಿಲ್ ಟರ್ಬೊದ ಬೇರಿಂಗನ್ನೂ ತಿಂದಿರುತ್ತದೆ. ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಾಗ ಪಕ್ಕಕ್ಕೆ ಒಂದಿಷ್ಟು ಆಟ ಇದ್ದೇ ಇರುತ್ತದೆ, ಆಯಿಲ್ ಪದರಕ್ಕೆ ಅಷ್ಟು ಜಾಗ ಬೇಕು. ಆದರೆ ರೆಕ್ಕೆ ಗೋಡೆಗೆ ತಾಗಬಾರದು, ಶಾಫ್ಟ್ ಹಿಂದೆ ಮುಂದೆ ಎದ್ದು ಕಾಣುವಂತೆ ಜಗ್ಗಬಾರದು. ರೆಕ್ಕೆಯ ಅಂಚು ಮುಕ್ಕಾಗಿದ್ದರೆ ಬಿಟ್ಟು ಬರುವುದೇ ಸರಿ. ಆ ವೇಗದಲ್ಲಿ ಕೂದಲೆಳೆಯಷ್ಟು ತೂಕದ ವ್ಯತ್ಯಾಸವೂ ಬೇರಿಂಗನ್ನು ಮುರಿಯುತ್ತದೆ.

ಇನ್ನು ಆಯಿಲ್ ಇಳಿಯುವ ಪೈಪು. ಬಹಳ ಕಡೆ ಕೆಲಸ ಸೋಲುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಟರ್ಬೊಗೆ ಆಯಿಲ್ ಹೋಗುವಾಗ ಪಂಪಿನ ಒತ್ತಡವಿರುತ್ತದೆ, ಸಣ್ಣ ಪೈಪು ಸಾಕು. ಹೊರಬರುವಾಗ ಒತ್ತಡವಿಲ್ಲ, ನೊರೆಯಾದ ಆಯಿಲ್ ತನ್ನ ಭಾರದಿಂದಲೇ ಎಂಜಿನ್ನಿನ ಕೆಳಗಿರುವ ಆಯಿಲ್ ಚೇಂಬರಿಗೆ ಇಳಿಯಬೇಕು. ಅದಕ್ಕೆ ಅಗಲವಾದ ಪೈಪು ಬೇಕು, ಎಲ್ಲೂ ಮೇಲೇಳದೆ ನೇರ ಕೆಳಗೆ ಬರಬೇಕು, ಚೇಂಬರಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಜಾಗವಿಲ್ಲವೆಂದು ಪೈಪನ್ನು ಬಳಸಿ ತಂದರೆ ಆಯಿಲ್ ನಿಲ್ಲುತ್ತದೆ, ಸೀಲು ದಾಟಿ ಗಾಳಿಯ ಪೈಪಿಗೆ ನುಗ್ಗುತ್ತದೆ. ಬೋರಿಗೆ ಬಂದ ಎಂಜಿನ್ನಿನಲ್ಲೂ ಇದೇ ಕಥೆ. ಬ್ಯಾಕ್ ಕಂಪ್ರೆಷನ್, ಅಂದರೆ ಸವೆದ ಪಿಸ್ಟನ್ ರಿಂಗು ದಾಟಿ ಕೆಳಗೆ ಸೋರುವ ಗಾಳಿ, ಚೇಂಬರಿನೊಳಗೆ ಒತ್ತಡ ಕಟ್ಟಿ ಆಯಿಲ್ ಇಳಿಯಲು ಬಿಡುವುದಿಲ್ಲ. ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು ಓಡತೊಡಗಿದರೆ ಕೀ ತೆಗೆದರೂ ನಿಲ್ಲದು, ಬಿಳಿ ಹೊಗೆ ಕಾರುತ್ತ ವೇಗ ಏರಿಸಿಕೊಂಡು ತಾನೇ ಮುರಿದು ಬೀಳುವವರೆಗೆ ಓಡುತ್ತದೆ. ಆದ್ದರಿಂದ ಆಯಿಲ್ ತುಂಬುವ ಮುಚ್ಚಳ ತೆಗೆದಾಗ ಹೊಗೆ ಉಗುಳುವ ಹಳೆಯ ಇಂಡಿಕಾಗೆ ಟರ್ಬೊ ಬೇಡವೇ ಬೇಡ. ಆ ದುಡ್ಡು ಬೋರ್ ಕೆಲಸಕ್ಕೆ ಹೋಗಲಿ. ಕಳೆದುಕೊಂಡ ಎಳೆತದಲ್ಲಿ ಒಂದು ಪಾಲು ಅಲ್ಲೇ ಮರಳಿ ಸಿಗುತ್ತದೆ.

ಗಾಳಿ ಹೆಚ್ಚಾದರಷ್ಟೇ ಬಲ ಬರುವುದಿಲ್ಲ, ಡೀಸೆಲ್ ಕೂಡ ಹೆಚ್ಚಬೇಕು. ಇಲ್ಲಿ ಕೈ ಹೋಗುವುದು ಪಂಪಿನ ಸ್ಕ್ರೂಗೆ. ಟರ್ಬೊ ಎಂಜಿನ್ನುಗಳ ಹಲವು ಡೀಸೆಲ್ ಪಂಪುಗಳ ತಲೆಯ ಮೇಲೆ ಗಾಳಿಯ ಒತ್ತಡ ಅರಿತು ಡೀಸೆಲ್ ಬಿಡುವ ಡಯಾಫ್ರಮ್ ಇರುತ್ತದೆ. ಟರ್ಬೊ ಇಲ್ಲದ ಗಾಡಿಯ ಪಂಪಿನಲ್ಲಿ ಅದಿಲ್ಲ. ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ ಟರ್ಬೊ ಇನ್ನೂ ವೇಗ ಪಡೆಯದ ಕಡಿಮೆ ಸುತ್ತಿನಲ್ಲೂ ಅಷ್ಟೇ ಡೀಸೆಲ್ ಸುರಿಯುತ್ತದೆ. ಹಿಂದೆ ಬರುವ ಬೈಕಿನವರ ಮುಖಕ್ಕೆ ಬಡಿಯುವ ಕಪ್ಪು ಹೊಗೆ ಅದೇ. ಅದನ್ನು ಬಲದ ಗುರುತೆಂದು ಹೆಮ್ಮೆಪಡುವವರಿದ್ದಾರೆ. ಅದು ಬಲವಾಗದೆ ಹೋದ ಡೀಸೆಲ್. ಜೊತೆಗೆ ಪಿಸ್ಟನ್ನನ್ನೂ ಹೆಡ್ ಗ್ಯಾಸ್ಕೆಟ್ಟನ್ನೂ ಬೇಯಿಸುವ ಶಾಖ.

ಲೆಕ್ಕ ಹಾಕಿ ನೋಡಿದರೆ ಆಸೆಗೊಂದು ಮಿತಿ ಸಿಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಎತ್ತರದ ಮಂಡ್ಯದಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ 0.93 ಬಾರ್. ಟರ್ಬೊ ಅದರ ಮೇಲೆ ಅರ್ಧ ಬಾರ್ ಒತ್ತಿದರೆ ಒತ್ತಡ ಒಂದೂವರೆ ಪಟ್ಟಾಗುತ್ತದೆ, ಆದರೆ 30 ಡಿಗ್ರಿಯ ಗಾಳಿ ಒತ್ತಿದ್ದಕ್ಕೇ 90 ಡಿಗ್ರಿಯ ಹತ್ತಿರ ಕಾಯುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ನಿಜವಾಗಿ ಒಳಗೆ ಹೋಗುವ ಗಾಳಿ ಕಾಲು ಭಾಗಕ್ಕಿಂತ ತುಸು ಹೆಚ್ಚಷ್ಟೇ ಏರುತ್ತದೆ. ಕಂಪನಿಯೇ 53ರಿಂದ ಎಪ್ಪತ್ತರ ಸುತ್ತಮುತ್ತ ನಿಂತದ್ದನ್ನು ಇದರ ಪಕ್ಕ ಇಟ್ಟು ನೋಡಿ. ಡಬಲ್ ಪಿಕಪ್ ಕೊಡಿಸುತ್ತೇನೆ ಎನ್ನುವವರು ಎಂಜಿನ್ನಿನ ಆಯಸ್ಸನ್ನು ಮುಂಗಡ ಖರ್ಚು ಮಾಡಿಸುತ್ತಿದ್ದಾರೆ.

ಪೆಟ್ರೋಲ್ ಕಾರುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು: ಮಾರುತಿ 800ಕ್ಕೋ ಆಲ್ಟೊಗೋ ಡೀಸೆಲ್ ಗಾಡಿಯ ಗುಜರಿ ಟರ್ಬೊ ಹಾಕುವ ಕೆಲಸ ಕೈಬಿಡಬೇಕು. ಪೆಟ್ರೋಲಿನಲ್ಲಿ ಗಾಳಿ ಮತ್ತು ಇಂಧನದ ಅಳತೆ ತಪ್ಪಿದರೆ ಎಂಜಿನ್ ಬಡಿಯತೊಡಗಿ ಪಿಸ್ಟನ್ ತೂತಾಗುತ್ತದೆ. ಸುಜುಕಿ 1987ರಲ್ಲೇ ಜಪಾನಿನಲ್ಲಿ 543 ಸಿಸಿ ಟರ್ಬೊ ಆಲ್ಟೊ ಮಾಡಿ 64 ಅಶ್ವಶಕ್ತಿ ತೆಗೆದಿತ್ತು ಎಂದು ವಾದಿಸುವವರುಂಟು. ನಿಜ, ಆದರೆ ಆ ಎಂಜಿನ್ನನ್ನು ಟರ್ಬೊಗೆಂದೇ ಮಾಡಿದ್ದರು. ಅಮೆರಿಕದಲ್ಲಿ 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹೊತ್ತ ಮೊದಲ ಕಾರುಗಳಲ್ಲೊಂದು. ಬಡಿತ ತಡೆಯಲು ಅದಕ್ಕೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವ ಬೇಕಿತ್ತು. ಜನ ಅದನ್ನು ತುಂಬಿಸಲು ಮರೆತರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊ ಬಿಚ್ಚಿ ಮಾಮೂಲಿ ಕಾರ್ಬೊರೇಟರ್ ಹಾಕಿಕೊಡಬೇಕಾಯಿತು. ಅಷ್ಟು ದೊಡ್ಡ ಕಂಪನಿಯೂ ನಂಬಿ ಕೆಟ್ಟದ್ದು ಬಳಸುವವರ ನೆನಪನ್ನು.

ನಮ್ಮ ರಸ್ತೆಗಳಲ್ಲಿ ಟರ್ಬೊದಿಂದ ನಿಜವಾದ ಪ್ರಯೋಜನ ಎಲ್ಲಿ? 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ವೇಗದ ಮಿತಿ ಗಂಟೆಗೆ 100 ಕಿ.ಮೀ. ಅದನ್ನು ಮುಟ್ಟಲು ಟರ್ಬೊ ಇಲ್ಲದ ಇಂಡಿಕಾಗೂ ಸಾಧ್ಯ, ಅದಕ್ಕಿಂತ ವೇಗ ಅದರ ಬ್ರೇಕಿಗೂ ಟೈರಿಗೂ ಹೊಂದುವುದಿಲ್ಲ. ಲಾಭ ಕಾಣುವುದು ಮಳವಳ್ಳಿಯಿಂದ ಕೊಳ್ಳೇಗಾಲ, ಚಾಮರಾಜನಗರ ದಾಟಿ ಕೊಯಮತ್ತೂರಿಗೆ ಹೋಗುವ ದಾರಿಯಲ್ಲಿ. ಅಲ್ಲಿಂದ ವಾಪಸು ಬರುತ್ತ ದಿಂಬಂ ಘಾಟಿಯ 27 ತಿರುವುಗಳನ್ನು ತುಂಬಿದ ಗಾಡಿಯಲ್ಲಿ ಹತ್ತುವಾಗ ಮಧ್ಯದ ಸುತ್ತಿನ ಎಳೆತ ದೊಡ್ಡ ಉಪಕಾರ. ಹತ್ತಿ ಮುಗಿಸಿದವರು ಹೋಟೆಲ್ ಮುಂದೆ ನಿಲ್ಲಿಸಿದ ತಕ್ಷಣ ಎಂಜಿನ್ ಆರಿಸಬಾರದು, ಒಂದೆರಡು ನಿಮಿಷ ಸ್ಲೋ ರನ್ನಿಂಗ್‌ನಲ್ಲಿ ಬಿಡಬೇಕು. ಕಾದ ಟರ್ಬೊದಲ್ಲಿ ಹರಿಯದೆ ನಿಂತ ಆಯಿಲ್ ಸುಟ್ಟು ಇದ್ದಿಲಾಗುತ್ತದೆ.

ಕಾನೂನಿನ ಮಾತನ್ನು ಗ್ಯಾರೇಜಿನಲ್ಲಿ ಯಾರೂ ಎತ್ತುವುದಿಲ್ಲ, ಎತ್ತಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ಮೇಲೆ, ಅನುಮತಿ ಇಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯ ಕಂಪನಿ ತಕರಾರು ತೆಗೆಯಲು ಇದೊಂದೇ ಸಾಕು. ಹಾಗಾಗಿ ಚೆನ್ನಾಗಿ ಮಾಡಿದ ಕೆಲಸವನ್ನೂ ಸಾರ್ವಜನಿಕ ರಸ್ತೆಗೆ ತರುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಬೇಕು, ಇಲ್ಲವೆಂದರೆ ನಿಲ್ಲಿಸಬೇಕು. ಈ ಕೈಗುಣಕ್ಕೆ ಬೇರೆ ಜಾಗ ಬೇಕೆಂಬುದು ನನ್ನ ಒತ್ತಾಯ. 1962ರಲ್ಲಿ ಶುರುವಾದ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಗ್ಯಾರೇಜಿನ ಹುಡುಗರನ್ನು ಕರೆದು, ಅವರು ಕೂರಿಸಿದ ಎಂಜಿನ್ನನ್ನು ಅಳತೆಯ ಯಂತ್ರಕ್ಕೆ ಕಟ್ಟಿ ಬಲ, ಶಾಖ, ಹೊಗೆ ಮೂರನ್ನೂ ಅಳೆದು ತೋರಿಸಿದರೆ ಕಲಿಯುವುದು ಎರಡೂ ಕಡೆಯವರಿಗೆ ಇದೆ.

ಕೊನೆಯ ಆಕ್ಷೇಪ ಕಾರು ಮಾರುವ ಹೊತ್ತಿನದು. ಇಂಥ ಹಳೆಯ ಕಾರು ಒಬ್ಬರ ಕೈಯಲ್ಲಿ ಉಳಿಯುವುದಿಲ್ಲ. ಮುಂದೆ ಕೊಳ್ಳುವವರು ಸಂತೆಗೆ ಬಾಡಿಗೆ ಹೊಡೆಯುವ ಡ್ರೈವರ್ ಆಗಿರಬಹುದು, ಮಕ್ಕಳನ್ನು ಶಾಲೆಗೆ ಬಿಡುವ ರೈತರಾಗಿರಬಹುದು. ಟರ್ಬೊ ಯಾವ ಗಾಡಿಯದು, ಎಷ್ಟು ಒತ್ತಡಕ್ಕೆ ಬಿಟ್ಟಿದೆ, ಯಾವ ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಅನುಮತಿ ಇದೆಯೋ ಇಲ್ಲವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡದೆ ಕಾರು ಮಾರುವುದು ಮೋಸ. ಅದನ್ನು ಬರೆದುಕೊಡಲು ಒಪ್ಪದ ಗ್ಯಾರೇಜಿಗೆ ಕಾರಿನ ಬಾನೆಟ್ ತೆರೆಯಲೂ ಬಿಡಬಾರದು.